ಬೋರ್ಡು ಆಮೇಲೆ ಬರೆಸು

ನೀನು ಕಳಿಸಿದ ಯೋಜನೆಯನ್ನು ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದೆ. ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಹತ್ತರಿಂದ ಹದಿನೆಂಟರವರೆಗಿನ ಮಕ್ಕಳಿಗೆ ಒಂದು ಬರವಣಿಗೆ ಮನೆ. ಶುಲ್ಕ ಇಲ್ಲ, ಲಾಭದ ಲೆಕ್ಕ ಇಲ್ಲ. ಆಸೆ ಚೆನ್ನಾಗಿದೆ. ಲೋಗೋ ಬಂದಿದೆ, ಘೋಷವಾಕ್ಯ ಬಂದಿದೆ, ಉದ್ಘಾಟನೆಗೆ ಕರೆಯುವವರ ಪಟ್ಟಿಯಲ್ಲಿ ಇಬ್ಬರು ಶಾಸಕರೂ ಒಬ್ಬ ಸಿನಿಮಾ ನಟರೂ ಇದ್ದಾರೆ. ಐದನೆಯ ವರ್ಷಕ್ಕೆ ಎಷ್ಟು ಜಿಲ್ಲೆ ಎನ್ನುವ ನಕ್ಷೆಗೂ ಬಣ್ಣ ಹಚ್ಚಿದ್ದೀಯ. ಒಂದು ಮಗು ಬಾಗಿಲು ದಾಟಿ ಬಂದು ಕೂತರೆ ಮುಂದಿನ ಒಂದು ಗಂಟೆ ಏನು ನಡೆಯುತ್ತದೆ ಎನ್ನುವುದಕ್ಕೆ ಮಾತ್ರ ಎಲ್ಲೂ ಜಾಗ ಸಿಕ್ಕಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ಸವೆದವನ ಸಲಿಗೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ: ಬೋರ್ಡು ಆಮೇಲೆ ಬರೆಸು, ಮೊದಲು ಆ ಒಂದು ಗಂಟೆಯನ್ನು ಗಟ್ಟಿ ಮಾಡಿಕೊ.

ನೀನೇ ಮಾದರಿ ಎಂದು ಬರೆದುಕೊಂಡಿರುವ ಸ್ಯಾನ್‌ಫ್ರಾನ್ಸಿಸ್ಕೋದ ‘826 ವೆಲೆನ್ಸಿಯಾ’ವನ್ನೇ ನೋಡು. ಲೇಖಕ ಡೇವ್ ಎಗ್ಗರ್ಸ್‌ಗೆ ಶಾಲಾ ಮೇಷ್ಟ್ರುಗಳಾಗಿದ್ದ ಗೆಳೆಯರು ಬಹಳ. ಒಬ್ಬೊಬ್ಬ ಹುಡುಗನ ಪಕ್ಕ ಕೂತು ಬರೆಸುವಷ್ಟು ಹೊತ್ತು ನಮಗೆ ಸಿಗುವುದಿಲ್ಲ ಎಂಬುದು ಅವರೆಲ್ಲರ ಗೋಳು. ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದ ಕುಟುಂಬಗಳು ಹೆಚ್ಚಾಗಿದ್ದ ಮಿಷನ್ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ 2002ರಲ್ಲಿ ಎಗ್ಗರ್ಸ್ ಒಂದು ಮಳಿಗೆ ಹಿಡಿದರು. ಅದು ವ್ಯಾಪಾರಕ್ಕೆ ಗೊತ್ತುಮಾಡಿದ ಜಾಗ, ಏನಾದರೂ ಮಾರಲೇಬೇಕು ಎಂಬ ನಿಯಮ ಅಡ್ಡ ಬಂತು. ಸರಿ, ಕಡಲ್ಗಳ್ಳರಿಗೆ ಬೇಕಾದ ಸಾಮಾನು ಮಾರುತ್ತೇವೆ ಎಂದು ಒಕ್ಕಣ್ಣಿಗೆ ಕಟ್ಟುವ ಕರಿಪಟ್ಟಿಯಂಥದ್ದನ್ನೆಲ್ಲ ಮುಂದೆ ಜೋಡಿಸಿಟ್ಟರು. ಹಿಂದುಗಡೆ ಮಕ್ಕಳು ಕೂತು ಬರೆಯುವ ಮೇಜುಗಳು. ಆ ತಮಾಷೆ ಊರೂರಿಗೆ ಹಬ್ಬಿತು. ಬ್ರೂಕ್ಲಿನ್‌ನಲ್ಲಿ ಸೂಪರ್‌ಹೀರೋಗಳ ಅಂಗಡಿ, 2010ರಲ್ಲಿ ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ಶುರುವಾದ ‘ಮಿನಿಸ್ಟ್ರಿ ಆಫ್ ಸ್ಟೋರೀಸ್’ ಮುಂದೆ ರಾಕ್ಷಸರ ಕಿರಾಣಿ, ಸಿಡ್ನಿಯಲ್ಲಿ ಮಂಗಳ ಗ್ರಹದವರ ರಾಯಭಾರ ಕಚೇರಿ. ನೀನೂ ಯಕ್ಷಗಾನದ ಕಿರೀಟದ ಅಂಗಡಿ ಅಂತೇನೋ ಯೋಚಿಸಿದ್ದೀಯ. ಚೆನ್ನಾಗಿದೆ, ಇರಲಿ.

ಆದರೆ ಆ ಕತೆಯ ಎರಡನೆಯ ಭಾಗವನ್ನು ಯಾರೂ ಹೇಳುವುದಿಲ್ಲ, ಎಗ್ಗರ್ಸ್ ಒಬ್ಬರನ್ನು ಬಿಟ್ಟು. ಅಂಗಡಿ ತೆರೆದಾಯಿತು, ಸಹಾಯಕರು ಬಂದು ಕೂತಾಯಿತು, ಮೊದಲ ಕೆಲವು ವಾರ ಒಂದು ಮಗುವೂ ಒಳಗೆ ಬರಲಿಲ್ಲ. ಕಡಲ್ಗಳ್ಳರ ಅಂಗಡಿಯ ಹಿಂಬದಿಯಲ್ಲಿ ಪುಕ್ಕಟೆ ಪಾಠ ಹೇಳಿಕೊಡುತ್ತಾರೆ ಅಂದರೆ ಯಾವ ತಾಯಿ ನಂಬಿಯಾಳು? ನಿನಿವೆ ಕಾಲೆಗಾರಿ ಎಂಬ ಶಿಕ್ಷಕಿ ಸಂಸ್ಥೆಯನ್ನು ಕೈಗೆ ತೆಗೆದುಕೊಂಡ ಮೇಲೆ ಚಿತ್ರ ಬದಲಾಯಿತು. ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ ಪಳಗಿದವರು ಆಕೆ. ಮೇಷ್ಟ್ರುಗಳನ್ನು, ತಾಯ್ತಂದೆಯರನ್ನು ಕಂಡು ಮಾತಾಡಿದರು, ಮೇಜುಗಳು ತುಂಬಿದವು. ನಿನ್ನ ಯೋಜನೆಯಲ್ಲಿ ಗ್ರಾಫಿಕ್ ಡಿಸೈನರ್ ಇದ್ದಾನೆ, ನಿನಿವೆ ಕಾಲೆಗಾರಿ ಇಲ್ಲ.

ನಿಮ್ಮೂರಿನಲ್ಲಿ ಆ ಮನುಷ್ಯ ಯಾರು ಎಂದು ಮೊದಲು ಹುಡುಕು. ಸಾಹಿತ್ಯ ಪರಿಷತ್ತಿನ ಪದಾಧಿಕಾರಿಗಳಲ್ಲೇ ಹುಡುಕಬೇಕಾಗಿಲ್ಲ. ನಿವೃತ್ತ ಮುಖ್ಯೋಪಾಧ್ಯಾಯಿನಿ ಇರಬಹುದು, ಅಂಗನವಾಡಿ ಕಾರ್ಯಕರ್ತೆ ಇರಬಹುದು, ಯಾವ ಮನೆಯ ಹುಡುಗಿ ಯಾಕೆ ಶಾಲೆ ಬಿಟ್ಟಳು ಎಂದು ತಡವರಿಸದೆ ಹೇಳಬಲ್ಲ ಯಾರಾದರೂ ಇರಬಹುದು. ಅವರು ‘ಬಾರವ್ವಾ, ನಾನಿರ್ತೀನಿ’ ಅಂದರೆ ಮಗು ಬರುತ್ತದೆ. ನಿನ್ನ ಇನ್‌ಸ್ಟಾಗ್ರಾಂ ನೋಡಿ ಬರುವುದು ಬೆಂಗಳೂರಿನ ನಿನ್ನ ಸ್ನೇಹಿತರು ಮಾತ್ರ.

ಜಾಗಕ್ಕೆ ಬಾಡಿಗೆ ಎಂದು ದೊಡ್ಡ ಮೊತ್ತ ಬರೆದಿದ್ದೀಯ. ಮೊದಲ ವರ್ಷ ಅದು ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ ಮೇಲೆ, 2020ರಲ್ಲಿ ‘ಓದುವ ಬೆಳಕು’ ಎಂದು ಶುರುಮಾಡಿ 6ರಿಂದ 18 ವರ್ಷದ ಮಕ್ಕಳಿಗೆಲ್ಲ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು ಬಿದ್ದಿದೆ. ಕೆಲವು ಕಡೆ ಬಣ್ಣ ಬಳಿದು, ನೆಲಕ್ಕೆ ಚಾಪೆ ಹಾಸಿ, ಕಂಪ್ಯೂಟರ್ ಇಟ್ಟು ನಿಜಕ್ಕೂ ಅಂದಗೊಳಿಸಿದ್ದಾರೆ. ಕೆಲವು ಕಡೆ ಬೀಗ ತೆಗೆಯುವುದೇ ದೊಡ್ಡ ಸಂಗತಿ. ಪುಸ್ತಕ ಇರುವ, ಮಕ್ಕಳು ಆಗಲೇ ಬರುತ್ತಿರುವ, ಊರಿನವರದ್ದೇ ಆದ ಕೋಣೆಯೊಂದು ಇರುವಾಗ ನೀನು ಇನ್ನೊಂದು ಕಟ್ಟುವುದೇಕೆ? ಅಲ್ಲಿನ ಮೇಲ್ವಿಚಾರಕರ ಹತ್ತಿರ ಹೋಗಿ ಕೂತು ಟೀ ಕುಡಿ. ಕಡಿಮೆ ಸಂಬಳಕ್ಕೆ ಹೆಚ್ಚು ಕೆಲಸ ಮಾಡುವ ಜನ ಅವರು. ಅವರ ಮೇಲೆ ಇನ್ನೊಂದು ಹೊರೆ ಹೊರಿಸಲು ಬಂದವನಂತೆ ಕಾಣಿಸಬೇಡ. ವಾರಕ್ಕೆ ಒಂದು ಮಧ್ಯಾಹ್ನ ಮಕ್ಕಳ ಜೊತೆ ನಾವು ಕೂರುತ್ತೇವೆ, ಗುಡಿಸಿ ಬೀಗ ಹಾಕಿ ಕೀಲಿ ತಂದುಕೊಡುತ್ತೇವೆ ಎಂದರೆ ಸಾಕು. ಪಂಚಾಯಿತಿಯಿಂದ ಒಂದು ಅನುಮತಿ ಪತ್ರವನ್ನು ಬರಹದಲ್ಲೇ ತಗೊ. ಅಧ್ಯಕ್ಷರು ಬದಲಾದಾಗ ಅದು ಬೇಕಾಗುತ್ತದೆ.

ಜಾಗದ ಮಾತು ಬಂದಾಗ ಇನ್ನೊಂದನ್ನು ನೇರವಾಗಿಯೇ ಹೇಳಬೇಕು. ದೇವಸ್ಥಾನದ ಸಭಾಂಗಣ ಪುಕ್ಕಟೆ ಸಿಗುತ್ತದೆ ಎಂದು ಬರೆದಿದ್ದೀಯ. ಸಿಗುತ್ತದೆ, ನಿಜ. ಆದರೆ ಆ ಮೆಟ್ಟಿಲು ಹತ್ತುವ ಮಕ್ಕಳು ಯಾರು, ಮೆಟ್ಟಿಲ ಕೆಳಗೇ ನಿಲ್ಲುವವರು ಯಾರು ಎಂದು ಊರಿಗೆ ಗೊತ್ತಿದೆ. ಸಮುದಾಯ ಭವನಕ್ಕೂ ಇದೇ ಮಾತು: ಯಾವ ಸಮುದಾಯದ ಭವನ ಎಂದು ಹೆಸರಲ್ಲೇ ಇರುತ್ತದೆ. ಎಲ್ಲ ಕೇರಿಯ ಮಕ್ಕಳ ಕಾಲೂ ತಾನಾಗಿ ಹೋಗುವ ಜಾಗ ಹೆಚ್ಚಿನ ಊರುಗಳಲ್ಲಿ ಮೂರೇ: ಸರ್ಕಾರಿ ಶಾಲೆ, ಗ್ರಂಥಾಲಯ, ಬಸ್‌ಸ್ಟ್ಯಾಂಡು. ಮೂರನೆಯದನ್ನು ಬಿಡೋಣ. ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಬೇಕು, ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರ ಒಪ್ಪಿಗೆಯೂ ಇದ್ದರೆ ಹಗುರ. ಹೆಣ್ಣುಮಕ್ಕಳು ಬರಬೇಕೆಂದರೆ ಕತ್ತಲಾಗುವ ಮುಂಚೆ ಮುಗಿಯಬೇಕು. ಹಳ್ಳಿಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ತಿಳಿದುಕೊಂಡೇ ವೇಳೆ ಇಡು.

ಬೇಸಿಗೆ ಶಿಬಿರದಿಂದ ಶುರು ಮಾಡುತ್ತೇನೆ ಅಂದಿದ್ದೀಯಲ್ಲ, ಅದೂ ಬೇಡ. ಏಪ್ರಿಲ್ ಬಂತೆಂದರೆ ಪೇಟೆಯ ಪ್ರತಿ ಬೀದಿಯಲ್ಲೂ ಶಿಬಿರ. ಹತ್ತು ದಿನ ಮುಖವಾಡ ಮಾಡಿ, ಹಾಡು ಕುಣಿತ ಮುಗಿಸಿ, ಪ್ರಮಾಣಪತ್ರ ಹಂಚಿ ಎಲ್ಲರೂ ಮನೆಗೆ ಹೋಗುತ್ತಾರೆ. ಹಬ್ಬ ತಪ್ಪಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕೂಡಿಸಿದ್ದು, ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ‘ಚಿಣ್ಣರ ಮೇಳ’ ನಡೆಸಿಕೊಂಡು ಬಂದದ್ದು ಸಣ್ಣ ಕೆಲಸಗಳಲ್ಲ. ಆದರೆ ಬರವಣಿಗೆ ಹತ್ತು ದಿನದಲ್ಲಿ ಕುದುರುವ ವಿದ್ಯೆ ಅಲ್ಲ. ಜುಲೈನಲ್ಲಿ ಆರಂಭಿಸು. ಶಾಲೆಯ ಗಲಾಟೆ ಅಷ್ಟೊತ್ತಿಗೆ ಅಡಗಿರುತ್ತದೆ. ವಾರದಲ್ಲಿ ಅದೇ ದಿನ, ಅದೇ ವೇಳೆ, ಅದೇ ಜಾಗ. ಮಳೆ ಬಂದರೂ, ಎರಡೇ ಮಕ್ಕಳು ಬಂದರೂ ಬಾಗಿಲು ತೆರೆದಿರಲಿ. ಎಸ್ಸೆಸ್ಸೆಲ್ಸಿಯವರು ಮಾರ್ಚಿನಲ್ಲಿ ನಾಪತ್ತೆಯಾಗುತ್ತಾರೆ, ಜಾತ್ರೆಯ ವಾರ ಯಾರೂ ಬರುವುದಿಲ್ಲ, ಅದಕ್ಕೆ ಎದೆಗುಂದಬೇಡ.

ಈಗ ಆ ಒಂದು ಗಂಟೆ. ನಮ್ಮ ಮಕ್ಕಳಿಗೆ ಬರೆಯಲು ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಬರುತ್ತದೆ. ಅವರಿಗೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ತುಂಡು ಮಾಡಿ ಬರೆಯಲು ಬರುತ್ತದೆ, ನಾವೇ ಕಲಿಸಿದ್ದೇವೆ. ‘ಗ್ರಂಥಾಲಯದ ಮಹತ್ವ’ ಬರೆದು ಪೂರ್ಣ ಅಂಕ ಪಡೆದ ಹುಡುಗ ಗ್ರಂಥಾಲಯದ ಹೊಸ್ತಿಲು ತುಳಿದಿರುವುದಿಲ್ಲ. ‘ಸ್ವಚ್ಛ ಭಾರತ’ದ ಪ್ರಬಂಧ ರಾಜ್ಯದ ಈ ತುದಿಯಿಂದ ಆ ತುದಿಗೆ ಒಂದೇ, ಗೈಡಿನಲ್ಲಿರುವ ಹಾಗೆ. ನಿನ್ನ ಕೇಂದ್ರದಲ್ಲಿ ಮೊದಲು ನಿಲ್ಲಬೇಕಾದದ್ದು ಈ ‘ಮಹತ್ವ’ಗಳ ಸರಣಿ. ‘ನೀರಿನ ಮಹತ್ವ ಬರಿ’ ಅನ್ನಬೇಡ. ನಿಮ್ಮನೆಗೆ ನೀರು ಹೇಗೆ ಬರುತ್ತೆ, ಯಾರು ಹಿಡೀತಾರೆ, ಕಡೇ ಸಲ ನಲ್ಲಿ ಹತ್ತಿರ ಜಗಳ ಆದಾಗ ಯಾರು ಯಾರಿಗೆ ಏನಂದರು ಎಂದು ಕೇಳು. ಬಾಯಲ್ಲಿ ಹೇಳಲಿ, ಹೇಳಿದ್ದನ್ನೇ ಬರೆಯಲಿ. ಅರ್ಧ ಪುಟ ಬರುತ್ತದೆ. ಆ ಅರ್ಧ ಪುಟದಲ್ಲಿ ಉಪಸಂಹಾರ ಇರುವುದಿಲ್ಲ, ಒಬ್ಬ ಚಿಕ್ಕಮ್ಮ ಇರುತ್ತಾಳೆ.

ಮಕ್ಕಳ ಪಕ್ಕ ಕೂರುವವರಿಗೆ ತರಬೇತಿ ಬೇಕು, ಆದರೆ ಪವರ್‌ಪಾಯಿಂಟ್ ಬೇಡ. ಮೂರು ನಾಲ್ಕು ಮಕ್ಕಳಿಗೆ ಒಬ್ಬರು ಇರಲಿ, ಅದಕ್ಕಿಂತ ಹೆಚ್ಚಾದರೆ ಅದು ತರಗತಿಯಾಗುತ್ತದೆ. ಪೆನ್ನು ಯಾವಾಗಲೂ ಮಗುವಿನ ಕೈಯಲ್ಲೇ ಇರಬೇಕು. ಸಹಾಯಕರು ಅದನ್ನು ಮುಟ್ಟಬಾರದು. ಮೊದಲ ಓದಿನಲ್ಲಿ ಕಾಗುಣಿತದ ಬಗ್ಗೆ ಚಕಾರ ಎತ್ತಬಾರದು. ನನ್ನ ಜಾತಿಯ ಜನಕ್ಕೆ, ಅಂದರೆ ಮೇಷ್ಟ್ರುಗಳಿಗೆ, ಇದು ಬಹಳ ಕಷ್ಟ. ಒತ್ತಕ್ಷರ ತಪ್ಪಿದ್ದನ್ನು ಕಂಡರೆ ಕೈ ತಾನೇ ಕೆಂಪು ಶಾಯಿಗೆ ಹೋಗುತ್ತದೆ. ಆದ್ದರಿಂದ ನಿವೃತ್ತ ಶಿಕ್ಷಕರನ್ನು ಕರೆಯುವಾಗ ಹುಷಾರು. ನಮ್ಮಲ್ಲಿ ಅರ್ಧ ಜನ ಪಾಠ ಮಾಡುವುದನ್ನು ಬಿಡಲಾರದೆ ನಿಮ್ಮಲ್ಲಿಗೆ ಬಂದಿರುತ್ತೇವೆ. ಸರ್ಕಾರಿ ಪದವಿ ಕಾಲೇಜಿನ ಹುಡುಗಿಯರು, ಬಿ.ಎಡ್ ಓದುತ್ತಿರುವವರು, ಸಂಜೆ ಬಿಡುವಿರುವ ಬ್ಯಾಂಕಿನವರು ಇವರೆಲ್ಲ ಎಷ್ಟೋ ಸಲ ನಮಗಿಂತ ಒಳ್ಳೆಯ ಕೇಳುಗರು. ಅವರಿಗೆ ಕಲಿಸಬೇಕಾದದ್ದು ಎರಡು ಪ್ರಶ್ನೆ: ‘ಆಮೇಲೆ?’ ಮತ್ತು ‘ಇಲ್ಲಿ ನಂಗೆ ಇನ್ನೂ ಕಾಣಿಸ್ತಿಲ್ಲ, ಹೇಗಿತ್ತು ಅದು?’ ಕಾಗುಣಿತವನ್ನು ಕೊನೆಯ ಕರಡಿನಲ್ಲಿ, ಅಚ್ಚಿಗೆ ಹೋಗುವ ಮುನ್ನ, ಇಬ್ಬರೂ ಕೂತು ತಿದ್ದಿಕೊಳ್ಳಿ. ಪುಸ್ತಕದಲ್ಲಿ ಬರುತ್ತದೆ ಎಂದಾಗ ಅದೇ ಮಗು ‘ಸಾ, ಇದು ಅಲ್ಪಪ್ರಾಣನೋ ಮಹಾಪ್ರಾಣನೋ’ ಎಂದು ತಾನಾಗಿ ಕೇಳುತ್ತದೆ.

ಡಬ್ಲಿನ್ನಿನ ‘ಫೈಟಿಂಗ್ ವರ್ಡ್ಸ್’ನವರ ಒಂದು ಉಪಾಯ ನಿನಗೆ ಕೆಲಸಕ್ಕೆ ಬರಬಹುದು. ಕಾದಂಬರಿಕಾರ ರಾಡಿ ಡಾಯ್ಲ್ ಮತ್ತು ಶಾನ್ ಲವ್ 2009ರಲ್ಲಿ ಅದನ್ನು ತೆರೆದರು, ಸ್ಯಾನ್‌ಫ್ರಾನ್ಸಿಸ್ಕೋದ ಮಾದರಿ ಕಣ್ಣಮುಂದೆ ಇತ್ತು. ಪ್ರಾಥಮಿಕ ಶಾಲೆಯ ಮಕ್ಕಳು ಗುಂಪಾಗಿ ಬರುತ್ತಾರೆ. ಎಲ್ಲರೂ ಸೇರಿ ಬಾಯಲ್ಲೇ ಕತೆ ಕಟ್ಟುತ್ತಾ ಹೋದಂತೆ ಒಬ್ಬರು ಅದನ್ನು ಟೈಪು ಮಾಡಿ ತೆರೆಯ ಮೇಲೆ ಮೂಡಿಸುತ್ತಾರೆ, ಇನ್ನೊಬ್ಬರು ಚಿತ್ರ ಬರೆಯುತ್ತಾರೆ. ಇನ್ನೇನು ಏನೋ ಆಗಬೇಕು ಎನ್ನುವಾಗ ನಿಲ್ಲಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಪ್ರತಿ ಮಗುವೂ ತನ್ನ ಪಾಡಿಗೆ ಬರೆಯಬೇಕು. ಮನೆಗೆ ಹೋಗುವಾಗ ಪ್ರತಿಯೊಬ್ಬರ ಕೈಯಲ್ಲೂ ಅವರವರ ಕೊನೆಯುಳ್ಳ, ಅವರವರ ಹೆಸರಿರುವ ಪುಟ್ಟ ಪುಸ್ತಕ. ಕಣ್ಣಿಗೆ ಬೀಳದ, ಸದಾ ಸಿಡುಕುವ ಪ್ರಕಾಶಕರೊಬ್ಬರು ಬಾಗಿಲ ಹಿಂದಿದ್ದಾರೆ ಎಂಬ ಆಟವೂ ಜೊತೆಗಿದೆ. ಖಾಲಿ ಹಾಳೆಯ ಹೆದರಿಕೆ ಹೀಗೆ ಮುರಿಯುತ್ತದೆ. ಇದಕ್ಕೆ ಪ್ರೊಜೆಕ್ಟರೂ ಬೇಕಿಲ್ಲ. ಕರಿಹಲಗೆ, ಸೀಮೆಸುಣ್ಣ, ವೇಗವಾಗಿ ಬರೆಯುವ ಒಬ್ಬ ಕಾಲೇಜು ಹುಡುಗಿ, ಒಂದು ಜೆರಾಕ್ಸ್ ಅಂಗಡಿ ಇದ್ದರಾಯಿತು.

ಭಾಷೆಯ ವಿಷಯದಲ್ಲಿ ನಿನ್ನ ಯೋಜನೆ ‘ಶುದ್ಧ ಕನ್ನಡ’ ಎನ್ನುತ್ತದೆ. ಆ ಎರಡು ಪದವನ್ನು ಹೊಡೆದುಹಾಕು. ನಿಮ್ಮ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾ ಇದೆ, ಉರ್ದು ಶಾಲೆ ಇದೆ, ಗಡಿಗೆ ಹತ್ತಿರ ತೆಲುಗಿನ ಮನೆಗಳಿವೆ. ಕನ್ನಡದ ಮನೆಗಳಲ್ಲೂ ಪಠ್ಯಪುಸ್ತಕದ ಕನ್ನಡ ಮಾತಾಡುವವರು ಯಾರು? ಮನೆಯಲ್ಲಿ ಒಂದು ಮಾತು, ಪಠ್ಯದಲ್ಲಿ ಇನ್ನೊಂದು, ಪೋಷಕರ ಆಸೆಯಲ್ಲಿ ಇಂಗ್ಲಿಷು. ಮೂರರ ಮಧ್ಯೆ ಸಿಕ್ಕ ಮಗು ಸುಮ್ಮನಿರುವುದೇ ಕ್ಷೇಮ ಎಂದುಕೊಳ್ಳುತ್ತದೆ. ದೇವನೂರ ಮಹಾದೇವ ನಂಜನಗೂಡು ಸೀಮೆಯ ತಮ್ಮ ಜನದ ಆಡುಮಾತಿನಲ್ಲಿ ‘ಕುಸುಮಬಾಲೆ’ ಬರೆದರು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚಂದ್ರಶೇಖರ ಕಂಬಾರರು ಬೆಳಗಾವಿ ಕಡೆಯ ಮಾತನ್ನು ಹಿಡಿದೇ ಜ್ಞಾನಪೀಠದವರೆಗೆ ಹೋದರು. ಅದು ದೊಡ್ಡವರ ಮಾತಾಯಿತು, ಇರಲಿ. ಆದರೆ ‘ಹ’ಕಾರ ಬಿಟ್ಟು ಮಾತಾಡುವ ಹುಡುಗನಿಗೆ ಮೊದಲ ಕರಡು ತನ್ನ ಬಾಯಿಯ ಹಾಗೇ ಬರೆಯಲು ಬಿಡುವುದಕ್ಕೆ ಇಷ್ಟು ಆಧಾರ ಸಾಕು. ತಾಂಡಾದ ಮಗು ಮಧ್ಯೆ ಲಂಬಾಣಿ ಪದ ಹಾಕಿದರೆ ಕನ್ನಡ ಲಿಪಿಯಲ್ಲಿ ಹಾಕಲಿ. ಅರ್ಥ ಪಕ್ಕದವರಿಗೆ ಹೇಳಿಕೊಡುವಾಗ ಆ ಹೊತ್ತಿನ ಮೇಷ್ಟ್ರು ಆ ಮಗುವೇ.

ಹದಿನಾಲ್ಕು ದಾಟಿದವರನ್ನು ಈ ಚಿಣ್ಣರ ಜೊತೆ ಕೂರಿಸಬೇಡ. ಅವರಿಗೆ ನರಿ ಮೊಲದ ಕತೆ ಹೇಳಿದರೆ ಮಾರನೆಯ ವಾರ ಬರುವುದಿಲ್ಲ. ದಿಲ್ಲಿಯ ‘ಅಂಕುರ್’ ಸಂಸ್ಥೆ ಮತ್ತು ‘ಸರಾಯ್’ ಬಳಗ ಸೇರಿ 2001ರಲ್ಲಿ ‘ಸೈಬರ್ ಮೊಹಲ್ಲಾ’ ಶುರುಮಾಡಿದಾಗ ಅಲ್ಲಿಗೆ ಬಂದವರು ಕೊಳೆಗೇರಿಗಳ, ಪುನರ್ವಸತಿ ಕಾಲನಿಗಳ ಹರೆಯದ ಹುಡುಗ ಹುಡುಗಿಯರು. ದಿನಚರಿಯಲ್ಲಿ ತಮ್ಮ ಗಲ್ಲಿಯ ಸದ್ದು, ಟೀ ಅಂಗಡಿಯ ಮಾತು, ಕಂಡ ಜಗಳ ಬರೆಯುವರು. ಸುತ್ತ ಕೂತವರಿಗೆ ಓದಿ ಹೇಳುವರು. ಕೇಳಿದವರು ತಮಗೇನನ್ನಿಸಿತು ಎಂದು ಹೇಳುವರು. ಕೆಲಸ ಬಹುಮಟ್ಟಿಗೆ ಇಷ್ಟೇ, ಆದರೆ ಅದನ್ನು ವರ್ಷಗಟ್ಟಲೆ ಬಿಡದೆ ಮಾಡಿದರು. ಯಮುನಾ ದಂಡೆಯ ನಾಂಗ್ಲಾ ಮಾಂಚಿ ಬಸ್ತಿಯನ್ನು 2006ರಲ್ಲಿ ನೆಲಸಮ ಮಾಡಿದಾಗ ಅದನ್ನು ಒಳಗಿನಿಂದ ಬರೆಯಬಲ್ಲವರು ತಯಾರಾಗಿದ್ದರು. ಅವರ ಬರಹಗಳು ಹಿಂದಿಯಲ್ಲಿ ‘ಬಹುರೂಪಿಯಾ ಶಹರ್’ ಎಂದು ಪುಸ್ತಕವಾದವು, 2010ರಲ್ಲಿ ಇಂಗ್ಲಿಷಿಗೂ ಬಂದವು. ನನಗೆ ಕೇಳಿದರೆ, ಕಡಲ್ಗಳ್ಳರ ಅಂಗಡಿಗಿಂತ ನಮಗೆ ಹತ್ತಿರದ ಮಾದರಿ ಇದೇ. ಅಲ್ಲಿ ಯಾರೂ ಅವರಿಗೆ ಕತೆ ಬರೆಯುವ ಸೂತ್ರ ಕೊಡಲಿಲ್ಲ. ಕೇಳುವ ಕಿವಿ ಸುತ್ತ ಇತ್ತು.

ಕಿವಿ ಕೊಟ್ಟ ಮೇಲೆ ಕೇಳಬಾರದ್ದೂ ಕೇಳಿಸುತ್ತದೆ, ಅದಕ್ಕೆ ಸಿದ್ಧನಿರು. ಅಪ್ಪ ಕುಡಿದು ಬಂದ ರಾತ್ರಿಯನ್ನು ಒಂದು ಮಗು ಬರೆಯುತ್ತದೆ. ಬರಹ ಅದ್ಭುತವಾಗಿರುತ್ತದೆ, ಓದಿದವರ ಕಣ್ಣು ಒದ್ದೆಯಾಗುತ್ತದೆ, ಪುಸ್ತಕದ ಮೊದಲ ಪುಟಕ್ಕೆ ಇದೇ ಎಂದು ನಿನಗೆ ಅನ್ನಿಸುತ್ತದೆ. ನಿಲ್ಲು. ಆ ಪುಸ್ತಕ ಅದೇ ಊರಿನಲ್ಲಿ ಬಿಡುಗಡೆಯಾಗುತ್ತದೆ, ಅದೇ ಅಪ್ಪನ ಮುಂದೆ. ಬರೆದದ್ದೆಲ್ಲ ಅಚ್ಚಾಗಬೇಕಿಲ್ಲ. ಮಗುವಿನ ಹತ್ತಿರ ಎರಡು ಪುಸ್ತಕ ಇರಲಿ, ಒಂದು ತೋರಿಸುವುದಕ್ಕೆ, ಒಂದು ತನಗೇ. ಹೆಸರು ಬದಲಿಸಬಹುದು, ಕತೆಯಾಗಿ ತಿರುಗಿಸಬಹುದು, ಹಾಗೇ ಮುಚ್ಚಿಡಲೂಬಹುದು. ತೀರ್ಮಾನ ಮಗುವಿನದು, ಅದಕ್ಕೆ ಪರಿಣಾಮ ತಿಳಿಸಿಹೇಳುವ ಜವಾಬ್ದಾರಿ ನಿನ್ನದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಾತ್ರ ಮುಚ್ಚಿಡುವ ಪ್ರಶ್ನೆಯಿಲ್ಲ: 2012ರ ಪೋಕ್ಸೋ ಕಾಯ್ದೆಯಡಿ ಗೊತ್ತಾದವರು ದೂರು ಕೊಡಲೇಬೇಕು. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸು. ಬೋರ್ಡಿಗಿಂತ ಮೊದಲು ಬರೆಸಬೇಕಾದ್ದು ಅದು. ಮಗುವಿನೊಡನೆ ಒಬ್ಬ ದೊಡ್ಡವರೇ ಮುಚ್ಚಿದ ಕೋಣೆಯಲ್ಲಿ ಕೂರುವಂತಿಲ್ಲ ಎಂಬ ನಿಯಮ ಎಲ್ಲರಿಗೂ ಇರಲಿ, ನಿನಗೂ ನನಗೂ ಸೇರಿಸಿ.

ಅಚ್ಚಿನ ಸಂಗತಿ ಚುಟುಕಾಗಿ. ಬರೆದವರೇ ಹಕ್ಕುದಾರರು, ವಯಸ್ಸು ಹನ್ನೊಂದಾದರೂ ಅಷ್ಟೇ. ಹದಿನೆಂಟು ತುಂಬದವರ ಸಹಿ ಕಾನೂನಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಪೋಷಕರಿಂದ ಒಪ್ಪಿಗೆ ಬರೆಸಿಕೊ. ಐಎಸ್‌ಬಿಎನ್ ಸಂಖ್ಯೆ ನಮ್ಮಲ್ಲಿ ಉಚಿತವಾಗಿ ಸಿಗುತ್ತದೆ, ಯಾರಿಗೂ ದುಡ್ಡು ಕೊಡಬೇಡ. ಮಾಸಿಕ, ತ್ರೈಮಾಸಿಕ ಎಂದು ಹೊರಡಿಸಿದರೆ ಪತ್ರಿಕಾ ನೋಂದಣಿಯ ತೊಡಕು ಬರುತ್ತದೆ. ವರ್ಷಕ್ಕೊಂದು ಪುಸ್ತಕ ಎಂದರೆ ಆ ಗೋಜಿಲ್ಲ. ಎರಡು ಫಾರ್ಮು, 32 ಪುಟ, ಮಧ್ಯೆ ಪಿನ್ನು ಹೊಡೆದರೆ ಸಾಕು. ಉಳಿದ ತಿಂಗಳುಗಳಿಗೆ ಗೋಡೆ ಪತ್ರಿಕೆ ಇದೆಯಲ್ಲ. ಡ್ರಾಯಿಂಗ್ ಶೀಟಿಗೆ ಅಂಟಿಸಿದ ಬರಹದ ಮುಂದೆ ನಿಂತು ಓದುವ ಜನರನ್ನು ಬರೆದ ಮಗು ದೂರದಿಂದ ನೋಡುವುದೂ ಪ್ರಕಟಣೆಯೇ.

ಬಿಡುಗಡೆ ಸಮಾರಂಭದ ಪಟ್ಟಿಯನ್ನು ಹರಿದುಹಾಕು. ವೇದಿಕೆಯ ಮೇಲೆ ಹದಿನಾಲ್ಕು ಜನ, ಹಾರ ತುರಾಯಿ, ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ಭಾಷಣ. ಬರೆದ ಮಕ್ಕಳು ಶಾಮಿಯಾನದ ತುದಿಯ ಬಿಸಿಲಲ್ಲಿ. ಕೊನೆಗೆ ‘ವೇಳೆಯ ಅಭಾವದಿಂದ’ ಇಬ್ಬರು ಓದುತ್ತಾರೆ. ತಿರುಗಿಸು. ಮಕ್ಕಳು ಮೇಲೆ, ಗಣ್ಯರು ಕೆಳಗೆ. ಓದಲು ನಾಚುವವರ ಪರವಾಗಿ ಗೆಳೆಯರು ಓದಲಿ. ಗಣ್ಯರು ಬರದಿದ್ದರೆ ನಷ್ಟವಿಲ್ಲ, ಅಜ್ಜಿಯರು ಬರಬೇಕು.

ಇನ್ನು ದುಡ್ಡು. ‘ಪೂರ್ತಿ ಸ್ವಯಂಸೇವಕರಿಂದಲೇ’ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಎಂಟು ತಿಂಗಳು ನಡೆಯುತ್ತದೆ. ಆಮೇಲೆ ಒಬ್ಬಳಿಗೆ ಮದುವೆ, ಒಬ್ಬನಿಗೆ ವರ್ಗ, ಇನ್ನೊಬ್ಬನಿಗೆ ಪರೀಕ್ಷೆ. ಬಾಗಿಲು ತೆರೆಯುವ, ಯಾವ ಮಗು ಎರಡು ವಾರದಿಂದ ಬಂದಿಲ್ಲ ಎಂದು ಗಮನಿಸಿ ಮನೆಗೆ ಹೋಗಿ ವಿಚಾರಿಸುವ ಒಬ್ಬರಿಗಾದರೂ ಸಂಬಳ ಬೇಕು, ತಿಂಗಳಿಗೆ ಸರಿಯಾಗಿ ಬೇಕು. ಉಳಿದ ಖರ್ಚೆಲ್ಲ ಆಮೇಲೆ: ಹಾಳೆ, ಪೆನ್ಸಿಲ್ಲು, ಮಂಡಕ್ಕಿ ಅಥವಾ ಬಾಳೆಹಣ್ಣು, ಅಚ್ಚು. ತಿಂಗಳಿಗೆ 200 ರೂಪಾಯಿ ಕೊಡುವ ನೂರು ಜನ ಸಿಕ್ಕರೆ 20,000 ಆಯಿತು. ಒಬ್ಬರೇ ವರ್ಷಕ್ಕೆ ಎರಡೂವರೆ ಲಕ್ಷ ಕೊಡುವುದಕ್ಕಿಂತ ಇದು ವಾಸಿ. ಆ ಒಬ್ಬರು ಮುನಿಸಿಕೊಂಡರೆ ಮನೆ ಮುಚ್ಚುತ್ತದೆ; ನೂರು ಜನ ಒಟ್ಟಿಗೆ ಮುನಿಸಿಕೊಳ್ಳುವುದು ಕಷ್ಟ, ಅದೂ ನಮ್ಮ ಊರುಗಳಲ್ಲಿ.

ನೋಂದಣಿಗೆ ಅವಸರ ಬೇಡ. ಒಂದು ವರ್ಷ ಗ್ರಂಥಾಲಯದ ಚಟುವಟಿಕೆಯಾಗಿಯೇ ನಡೆಯಲಿ. ಜನ ನಿಂತರು ಎಂದು ಖಾತ್ರಿಯಾದ ಮೇಲೆ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ ಮಾಡುವುದಾದರೆ ಕನಿಷ್ಠ ಏಳು ಜನ ಬೇಕು, ವರ್ಷವರ್ಷ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಟ್ರಸ್ಟ್ ಆದರೆ ಇಬ್ಬರಿದ್ದರೂ ಸಾಕು, ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದರೆ ಮುಗಿಯಿತು, ಹಗುರ. ಆದರೂ ನಾನು ಸಂಘದ ಕಡೆಗೇ. ಸಭೆಯಲ್ಲಿ ಎದ್ದುನಿಂತು ‘ಈ ಮುನ್ನೂರು ರೂಪಾಯಿ ಯಾಕೆ’ ಎಂದು ಕೇಳುವ ಒಬ್ಬ ತರಲೆ ಮನುಷ್ಯ ಪ್ರತಿ ಸಂಸ್ಥೆಗೂ ಬೇಕು. ಯಾವುದೇ ಇರಲಿ, ಬ್ಯಾಂಕಿನಲ್ಲಿ ಸಂಸ್ಥೆಯ ಹೆಸರಿನ ಖಾತೆ, ಇಬ್ಬರ ಸಹಿ. ನಿನ್ನ ಸ್ವಂತ ಫೋನ್‌ಪೇಗೆ ಒಂದು ರೂಪಾಯಿಯೂ ಬರಬಾರದು. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಜನ ‘ಏಟಿ ಜಿ’ ಎಂದು ಕರೆಯುವ ನೋಂದಣಿ ಮಾಡಿಸಬೇಕು. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂಬ ಕಾನೂನಿನ ಹಣ ಬೇಕಿದ್ದರೆ ಸಿಎಸ್‌ಆರ್-1 ಎಂಬ ನಮೂನೆ ತುಂಬಬೇಕು. ಅದರ ಜೊತೆಗೆ ಬರುವ ಪ್ರಶ್ನೆ ಗೊತ್ತಿರಲಿ: ‘ಎಷ್ಟು ಮಕ್ಕಳನ್ನು ತಲುಪಿದಿರಿ?’ ಇಪ್ಪತ್ತೆಂಟು ಎಂದರೆ ಅವರ ಮುಖ ಚಿಕ್ಕದಾಗುತ್ತದೆ. ಎರಡು ಸಾವಿರ ಎನ್ನಲು ನೀನು ಆಸೆಪಡುತ್ತೀಯ. ಎರಡು ಸಾವಿರ ಮಕ್ಕಳಿಗೆ ಭಾಷಣ ಮಾಡಬಹುದು, ಅವರು ಬರೆದದ್ದನ್ನು ಓದಲಾಗುವುದಿಲ್ಲ.

ಅಮೆರಿಕದ ಕನ್ನಡ ಕೂಟದ ಸ್ನೇಹಿತರು ಡಾಲರ್ ಕಳಿಸುತ್ತೇವೆ ಅಂದಿದ್ದಾರೆ ಎಂದು ಖುಷಿಯಲ್ಲಿದ್ದೀಯ. ಅವರ ಪಾಸ್‌ಪೋರ್ಟ್ ಯಾವುದು ಎಂದು ಮೊದಲು ಕೇಳು. ಭಾರತದ ಪೌರರಾಗಿಯೇ ಹೊರಗಿದ್ದು ದುಡಿಯುವವರು ತಮ್ಮ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಒಸಿಐ ಕಾರ್ಡು ಹಿಡಿದಿದ್ದರೂ ಅವರದು ವಿದೇಶಿ ಹಣವೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಮುಟ್ಟಿದರೆ ಅಪರಾಧ, ಆ ನೋಂದಣಿಗೆ ಹೊಸ ಸಂಸ್ಥೆ ಮೂರು ವರ್ಷವಾದರೂ ಕಾಯಬೇಕು. ಅಷ್ಟರವರೆಗೆ ಅವರಿಂದ ಹಣ ಬೇಡ, ಹೊತ್ತು ಕೇಳು. ತಿಂಗಳಿಗೊಂದು ಭಾನುವಾರ ವಿಡಿಯೋ ಕರೆಯಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳ ಬರಹ ಕೇಳಿ ನಾಲ್ಕು ಪ್ರಶ್ನೆ ಕೇಳಲಿ, ಒಬ್ಬ ಸಹಾಯಕರು ಜೊತೆಗೆ ಕೂತಿರಲಿ. ಮತ್ತೆ ಯಾರೇ ಆಗಲಿ, ಸಹಾಯ ಮಾಡುತ್ತೇವೆಂದು ಹಳೆಯ ಕಂಪ್ಯೂಟರು, ತಮ್ಮ ಮಕ್ಕಳು ಓದಿ ಬಿಟ್ಟ ಇಂಗ್ಲಿಷ್ ಪುಸ್ತಕಗಳ ಪೆಟ್ಟಿಗೆ ತಂದರೆ ನಯವಾಗಿ ಹಿಂದಕ್ಕೆ ಕಳಿಸು. ದಾನಿಗಳಿಗೆ ಕಳಿಸಲು ಮಕ್ಕಳ ಫೋಟೋ ತೆಗೆಯುವುದನ್ನೂ ಬಿಡು. ಬರಹದ ಒಂದು ಜೆರಾಕ್ಸ್ ಪ್ರತಿ ಕಳಿಸಿದರೆ, ಮಗು ಒಪ್ಪಿದ್ದರೆ, ಅವರಿಗೂ ಕೆಲಸ ತಿಳಿಯುತ್ತದೆ.

ಕೊನೆಗೆ ನನ್ನ ವಿಷಯ. ಗೌರವ ಸಲಹೆಗಾರರ ಪಟ್ಟಿಯಲ್ಲಿ ನನ್ನ ಹೆಸರನ್ನು ಹಾಕಿದ್ದೀಯ, ತೆಗೆದುಬಿಡು. ಸಹಾಯಕರ ಹಾಳೆಯಲ್ಲಿ ಬರೆದುಕೊ. ಶನಿವಾರ ಮೂರರ ಬಸ್ಸಿಗೆ ಬಂದು ಆರರ ಬಸ್ಸಿಗೆ ವಾಪಸು ಹೋಗುತ್ತೇನೆ. ಕೆಂಪು ಪೆನ್ನು ಮನೆಯಲ್ಲಿ ಬಿಟ್ಟೇ ಬರುತ್ತೇನೆ. ಎಡಗಿವಿ ಸ್ವಲ್ಪ ಮಂದ, ಮೆಲ್ಲಗೆ ಓದುವ ಮಕ್ಕಳನ್ನು ಬಲಗಡೆ ಕೂರಿಸು.